ಹಿತ್ತಾಳೆ ಚೂರು

ಕ್ಯಾಮೆರಾ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದು ನಿವೃತ್ತರಾದವರು ಅವರು. ಅಲ್ಲಿ ಎಲ್ಲರ ಬಾಯಲ್ಲೂ ಕನ್ನಡಿ ಸಾಹೇಬರು. ಪತ್ರಿಕೆಯ ಛಾಯಾಗ್ರಾಹಕರು ಕಣ್ಣು ಮುಚ್ಚಿ ನಂಬುತ್ತಿದ್ದ ಆ ಹೆಸರಾಂತ ಕ್ಯಾಮೆರಾದೊಳಗಿನ ಕನ್ನಡಿಯನ್ನು ಪಳಗಿಸಿದ್ದು ಅವರೇ ಎಂಬ ಮಾತಿನಿಂದ ಬಂದ ಹೆಸರು ಅದು. ಯಾರಾದರೂ ಹಾಗೆ ಕರೆದಾಗ ಅವರು ತಲೆ ತಗ್ಗಿಸಿ ನಗುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡಿದ್ದರು.

ಕಾರ್ಖಾನೆ ಮುಚ್ಚಿ ಹದಿನಾಲ್ಕು ವರ್ಷವಾದ ಮೇಲೆ ಅದರ ಒಂದು ಭಾಗವನ್ನು ಸಂಗ್ರಹಾಲಯ ಮಾಡಿದರು. ಅದರ ಮೇಲ್ವಿಚಾರಕಿ ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಆ ಕ್ಯಾಮೆರಾದ್ದೇ ಒಂದು ಪ್ರದರ್ಶನ ಮಾಡಬೇಕು, ಉದ್ಘಾಟನೆಯ ದಿನ ನೀವೇ ಮಾತಾಡಬೇಕು ಎಂದು ಕನ್ನಡಿ ಸಾಹೇಬರನ್ನು ಕರೆಸಿಕೊಂಡಳು. ಅವರಿಗಾಗ ಎಪ್ಪತ್ತೊಂದು.

ಹಳೆಯ ಪರೀಕ್ಷಾ ಕೊಠಡಿಯಲ್ಲಿ ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಕ್ಯಾಮೆರಾದ ಮೊಟ್ಟಮೊದಲ ಮಾದರಿಯನ್ನು ಬಿಚ್ಚಿಟ್ಟಿದ್ದಳು. ದಪ್ಪ ಭೂತಗನ್ನಡಿ ಕೊಟ್ಟು, ಕನ್ನಡಿಯ ಪಕ್ಕದಲ್ಲಿ ಕೂತಿದ್ದ ಅರ್ಧ ಮೆಣಸಿನಕಾಳಿನಷ್ಟು ಹಿತ್ತಾಳೆ ಚೂರನ್ನು ತೋರಿಸಿದಳು.

"ಇದು ಯಂತ್ರದಲ್ಲಿ ಮಾಡಿದ್ದಲ್ಲ ಸಾರ್, ಕೈಯಲ್ಲಿ ಅರ ಹಾಕಿ ಉಜ್ಜಿದ್ದು. ಎಷ್ಟು ನಯವಾಗಿದೆ ನೋಡಿ. ನಿಮ್ಮ ಕೈದೇ ತಾನೇ?"

ಅವರು ಕುಡಿಯಲು ಸ್ವಲ್ಪ ನೀರು ಕೇಳಿದರು. ನೀರು ತಂದಿಟ್ಟ ಆಕೆ, ಒಳಗೆ ಲೋಹದ ಮೇಲೆ ಗೀಚಿದ್ದ ನಲವತ್ತೊಂದು ಎಂಬ ಸಂಖ್ಯೆಯನ್ನು ತೋರಿಸಿ ಇದು ಯಾರದೆಂದು ಕೇಳಿದಳು. ಜೋಡಿಸಿದವರು ತಮ್ಮ ಸಂಖ್ಯೆ ಗೀಚುವುದು ರೂಢಿ ಎಂದರು ಅವರು. ಯಾರು ಎಂದು ಹೇಳಲಿಲ್ಲ. ಮೇಲ್ವಿಚಾರಕಿಯ ಬಳಿ ಹಳೆಯ ಕಾರ್ಮಿಕರ ಪಟ್ಟಿಯಿತ್ತು. ಸಂಜೆಯೊಳಗೆ ಆ ಸಂಖ್ಯೆಯವರ ವಿಳಾಸ ಹುಡುಕಿಯೇ ಬಿಟ್ಟಳು. ಒಬ್ಬ ಹೆಂಗಸು, ಇನ್ನೂ ಇದ್ದಾರಂತೆ, ಇದೇ ಊರಲ್ಲಿ, ಮಗಳ ಜೊತೆ. ನಾಳೆ ಇಬ್ಬರೂ ಹೋಗಿ ಮಾತಾಡಿಸೋಣ ಎಂದಳು.

"ಮೊದಲು ನಾನೊಬ್ಬನೇ ಹೋಗಿ ಬರ್ತೀನಿ" ಎಂದರು ಸಾಹೇಬರು. ಅವರ ದನಿ ಅವರಿಗೇ ಬೇರೆಯವರದೆನಿಸಿತು.

ನಲವತ್ತೊಂದು ಅಂದರೆ ಕಿವಿಯಕ್ಕ. ನಲವತ್ತಮೂರು ವರ್ಷದ ಹಿಂದೆ, ಕೆಳಗಿನ ಜೋಡಣೆ ವಿಭಾಗದಲ್ಲಿ ಬಿಳಿ ಕೋಟು ತೊಟ್ಟು ಸಾಲಾಗಿ ಕೂತು ಕೆಲಸ ಮಾಡುತ್ತಿದ್ದ ಅರವತ್ತು ಹೆಂಗಸರಲ್ಲಿ ಒಬ್ಬಳು. ಆಗ ಇಪ್ಪತ್ತಾರು ವಯಸ್ಸು. ಕ್ಯಾಮೆರಾವನ್ನು ಕಿವಿಗೆ ಹಿಡಿದು ಒಂದು ಸಲ ಗುಂಡಿ ಒತ್ತಿದರೆ ಯಾವ ಸ್ಪ್ರಿಂಗ್ ಸೋತಿದೆ, ಯಾವ ಸ್ಕ್ರೂ ಅರ್ಧ ಸುತ್ತು ಸಡಿಲ ಎಂದು ಹೇಳಿಬಿಡುತ್ತಿದ್ದಳು. ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವಳನ್ನು ಕಿವಿಯಕ್ಕ ಎನ್ನುತ್ತಿದ್ದರು.

ಆ ಕಾಲದ ಕ್ಯಾಮೆರಾಗಳಲ್ಲಿ ನೋಡುವ ಕಿಂಡಿ ಒಂದು ಕಡೆ, ಚಿತ್ರ ಹಿಡಿಯುವ ಲೆನ್ಸು ಇನ್ನೊಂದು ಕಡೆ. ಕಣ್ಣು ಕಂಡದ್ದೇ ಬೇರೆ, ರೀಲಿನಲ್ಲಿ ಮೂಡಿದ್ದೇ ಬೇರೆ. ಹತ್ತಿರದವರನ್ನು ತೆಗೆದರೆ ಹಣೆಯೇ ಮಾಯ. ಇದನ್ನು ಸರಿಪಡಿಸಲು ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇಟ್ಟರು. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ತಾಗಿ ಮೇಲೆ ಹೋಗಿ, ಐದು ಮುಖದ ಗಾಜಿನಲ್ಲಿ ತಿರುಗಿ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಹಾರಿ ದಾರಿ ಬಿಡುತ್ತದೆ, ಪರದೆ ತೆರೆದು ಬೆಳಕು ರೀಲಿಗೆ ಬೀಳುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ.

ತೊಂದರೆ ಇದ್ದದ್ದು ಆ ಹಾರಾಟದಲ್ಲೇ. ಕನ್ನಡಿ ಮೇಲೆ ಬಡಿದು ನಿಲ್ಲುವಾಗ ಇಡೀ ಕ್ಯಾಮೆರಾ ನಡುಗುತ್ತಿತ್ತು. ಬೆಳಕು ಚೆನ್ನಾಗಿದ್ದರೆ ಪರವಾಗಿಲ್ಲ. ಮಬ್ಬಿನಲ್ಲಿ ತೆಗೆದರೆ ಚಿತ್ರವೆಲ್ಲ ಕದಡಿದ ನೀರು. ಮೇಲಂತಸ್ತಿನ ನಕ್ಷೆ ವಿಭಾಗದಲ್ಲಿ ಎಂಟು ತಿಂಗಳು ತಲೆ ಕೆರೆದುಕೊಂಡರು. ರಬ್ಬರ್ ಇಟ್ಟರು, ಉಣ್ಣೆ ಇಟ್ಟರು, ಸ್ಪ್ರಿಂಗ್ ಬದಲಾಯಿಸಿದರು. ಆಗಿನ್ನೂ ಕನ್ನಡಿ ಸಾಹೇಬರಾಗಿರದ, ಇಪ್ಪತ್ತೆಂಟರ ಹರೆಯದ ನಕ್ಷೆಗಾರನಿಗೆ ಮಾದರಿಯನ್ನು ಕೆಳಗೆ ಒಯ್ದು ಜೋಡಣೆ ಮಾಡಿಸಿ ತರುವುದೇ ಕೆಲಸವಾಯಿತು.

ಕಿವಿಯಕ್ಕ ಅದನ್ನು ಕಿವಿಗೆ ಹಿಡಿದು ಹತ್ತು ಸಲ ಒತ್ತಿದಳು. ಟಕ್ ಎಂದ ಮೇಲೆ ಇನ್ನೊಂದು ಸಣ್ಣ ಟಿಕ್ ಇದೆ, ಕನ್ನಡಿ ಬಡಿದು ಪುಟಿಯುತ್ತಿದೆ ಎಂದಳು. ನೀವು ಅದಕ್ಕೆ ಹಾಸಿಗೆ ಹಾಸುತ್ತಿದ್ದೀರಿ. ಅದರ ಓಟವನ್ನು ಇನ್ನೊಂದಕ್ಕೆ ದಾಟಿಸಿಬಿಡಿ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಗೋಲಿ ಆಡಿಲ್ಲವೇ ಎಂದು ಕೇಳಿದಳು. ಓಡಿ ಬಂದ ಗೋಲಿ ನಿಂತ ಗೋಲಿಗೆ ಬಡಿದರೆ, ಬಡಿದದ್ದು ಅಲ್ಲೇ ನಿಲ್ಲುತ್ತದೆ, ಬಡಿಸಿಕೊಂಡದ್ದು ಓಡುತ್ತದೆ.

ಮೂರು ದಿನ ಚಹಾದ ವಿರಾಮದಲ್ಲಿ ಕೂತು ಒಂದು ಹಿತ್ತಾಳೆ ಚೂರಿಗೆ ಅರ ಹಾಕಿದಳು. ಕೂದಲೆಳೆಯಂಥ ಸ್ಪ್ರಿಂಗಿಗೆ ಅದನ್ನು ಕಟ್ಟಿ ಕನ್ನಡಿಯ ದಾರಿಯ ಕೊನೆಯಲ್ಲಿ ಕೂರಿಸಿದಳು. ಕನ್ನಡಿ ಹಾರಿ ಬಂದು ಅದಕ್ಕೆ ತಾಗಿತು. ಚೂರು ಚಿಮ್ಮಿತು, ಕನ್ನಡಿ ಗಪ್ಪನೆ ನಿಂತಿತು. ಈಗ ಒಂದೇ ಸದ್ದು, ಅದೂ ಮೆತ್ತಗೆ. ಎಷ್ಟು ತೂಕ, ಎಷ್ಟು ದೂರ ಎಂದು ಅವನು ಅಳೆದು ಲೆಕ್ಕ ಹಾಕಿ ನಕ್ಷೆ ಬರೆದ.

ನಕ್ಷೆ ನೋಡಿದ ಮುಖ್ಯ ವಿನ್ಯಾಸಕರು ಕನ್ನಡಕ ತೆಗೆದು ಅವನ ಮುಖ ನೋಡಿದರು. "ಯಾರ ತಲೆ ಇದು?"

"ಕೆಳಗಡೆ ಕೂತು ಮಾಡಿದ್ದು ಸಾರ್" ಎಂದ ಅವನು.

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾರು ಕೂತು ಮಾಡಿದ್ದು ಎಂಬುದೊಂದೇ ಇಲ್ಲ. ವಿನ್ಯಾಸಕರು ಅವನ ಬೆನ್ನು ತಟ್ಟಿ, ನೋಡಿ, ಮೆಟ್ಟಿಲಿಳಿದು ಹೋಗಿ ಕೂತರೆ ಹೀಗೆ ಹೊಳೆಯುತ್ತದೆ ಎಂದು ಉಳಿದವರಿಗೆಲ್ಲ ಹೇಳಿದರು. ಆಗ ತಿದ್ದಬಹುದಿತ್ತು. ಮಧ್ಯಾಹ್ನ ತಿದ್ದೋಣ ಎಂದುಕೊಂಡ. ಮಧ್ಯಾಹ್ನ, ನಾಳೆ ಎಂದುಕೊಂಡ. ವಾರ ಕಳೆಯುವುದರೊಳಗೆ ಪೇಟೆಂಟಿನ ಕಾಗದದಲ್ಲಿ ಅವನ ಹೆಸರಿತ್ತು.

ಕ್ಯಾಮೆರಾ ಹೊರಬಂದು ಮನೆಮಾತಾಯಿತು. ಯುದ್ಧಕ್ಕೆ ಹೋಯಿತು, ಹಿಮದ ಬೆಟ್ಟ ಹತ್ತಿತು. ಅದರಿಂದ ಮೊಳೆ ಹೊಡೆದು, ಆಮೇಲೆ ಅದರಲ್ಲೇ ಚಿತ್ರ ತೆಗೆದೆ ಎಂದು ಒಬ್ಬ ಛಾಯಾಗ್ರಾಹಕ ಕಾಗದ ಬರೆದ. ಬೆಳಕಿಲ್ಲದ ಆಸ್ಪತ್ರೆ, ಗಣಿ, ನ್ಯಾಯಾಲಯದ ಮೂಲೆ, ಎಲ್ಲಿ ಬೇಕಾದರೂ ಕೈಯಲ್ಲಿ ಹಿಡಿದು ತೆಗೆಯಬಹುದಿತ್ತು. ಗೋಲಿಯ ಕತೆಯೂ ಜೊತೆಗೇ ಬೆಳೆಯಿತು. ಸಾಹೇಬರ ಹೆಂಡತಿ ಮನೆಗೆ ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದರು: ಇವರು ಚಿಕ್ಕಂದಿನಲ್ಲಿ ಗೋಲಿಯಾಟದಲ್ಲಿ ಎತ್ತಿದ ಕೈಯಂತೆ, ಒಂದು ದಿನ ಥಟ್ಟನೆ ನೆನಪಾಯಿತಂತೆ. ಮದುವೆಯಾದ ಹೊಸದರಲ್ಲಿ ಹಾಗೆಂದು ಹೇಳಿದ್ದು ಸಾಹೇಬರೇ. ಅವರು ಹುಟ್ಟಿದ ಮೇಲೆ ಒಮ್ಮೆಯೂ ಗೋಲಿ ಆಡಿದವರಲ್ಲ.

ಇಷ್ಟೇ ಆಗಿದ್ದರೆ ಅವರು ಹೇಗೋ ಬಾಳುತ್ತಿದ್ದರೇನೋ. ಆದರೆ ಕಿವಿಯಕ್ಕ ಕೆಳಗೇ ಇದ್ದಳು. ಮೆಟ್ಟಿಲ ಬಳಿ ಎದುರಾದಾಗಲೆಲ್ಲ ನಗುತ್ತಿದ್ದಳು, ನಮ್ಮ ಕನ್ನಡಿ ಹೇಗಿದೆ ಎಂದು ಕೇಳುತ್ತಿದ್ದಳು. ಅವಳು ನಮ್ಮ ಎಂದದ್ದರಲ್ಲಿ ಕೊಂಕಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವರದು. ಅವಳಿರುವ ಹೊತ್ತು ನೋಡಿಕೊಂಡು ಹಿಂಬದಿಯ ಮೆಟ್ಟಿಲಿಳಿಯತೊಡಗಿದರು. ಪೇಟೆಂಟಿನ ಕಾಗದವಾಗಿ ಎರಡು ತಿಂಗಳಾದ ಮೇಲೆ ಚರ್ಮದ ಚೀಲ ಹೊಲಿಯುವ ವಿಭಾಗಕ್ಕೆ ಜೋಡಣೆಯಿಂದ ಒಬ್ಬರನ್ನು ಕಳಿಸಬೇಕಾಯಿತು. ಆ ವಿಭಾಗ ಇದ್ದದ್ದು ಹೊಲದಾಚೆಯ ಬೇರೆ ಕಟ್ಟಡದಲ್ಲಿ. ಯಾರನ್ನು ಕಳಿಸಬಹುದೆಂದು ಸೂಚಿಸುವ ಚೀಟಿ ಹೊಸದಾಗಿ ಬಡ್ತಿ ಪಡೆದ ಕನ್ನಡಿ ಸಾಹೇಬರ ಮೇಜಿಗೆ ಬಂತು. ಅವರು ನಲವತ್ತೊಂದು ಎಂದು ಬರೆದರು. ಕೆಳಗೆ ಕಾರಣ ಎಂಬ ಜಾಗ ಖಾಲಿ ಬಿಡುವಂತಿರಲಿಲ್ಲ. ಪೆನ್ನು ಹಿಡಿದು ತುಸು ಹೊತ್ತು ಕೂತು, ಎರಡು ಪದ ಬರೆದರು: ಕೈ ನಡುಕ.

ಕಿವಿಯಕ್ಕನ ಈಗಿನ ಮನೆ ಲಾಂಡ್ರಿಯೊಂದರ ಮೇಲೆ. ಬಿಸಿ ಆವಿಯ ವಾಸನೆಯಿದ್ದ ಮೆಟ್ಟಿಲನ್ನು ಸಾಹೇಬರು ಎರಡು ಕಡೆ ನಿಂತು ಹತ್ತಿದರು. ಬಾಗಿಲು ತೆರೆದವಳು ಮಗಳು. ನಗರ ಸಾರಿಗೆಯ ಬಸ್ ಓಡಿಸುವವಳು, ಸಮವಸ್ತ್ರದಲ್ಲೇ ಇದ್ದಳು, ಮಧ್ಯಾಹ್ನದ ಪಾಳಿಗೆ ಇನ್ನೂ ಹೊತ್ತಿತ್ತು. ಒಳಗೆ ಕಿಟಕಿಯ ಪಕ್ಕ ಕೂತಿದ್ದ ತೆಳ್ಳನೆಯ ಮುದುಕಿ ಹೆಜ್ಜೆ ಸದ್ದಿಗೇ ತಲೆಯೆತ್ತಿದಳು.

"ಕನ್ನಡಿ ಸಾಹೇಬ್ರು ಅಲ್ವಾ? ಬನ್ನಿ ಬನ್ನಿ. ಅಯ್ಯೋ, ಕೂದಲೆಲ್ಲ ಎಲ್ಲೋಯ್ತು?"

ಅವಳು ಮಗಳಿಗೆ ಕಾಫಿ ಮಾಡಲು ಹೇಳಿ, ತಾನು ಬಿಸಿಯದೇನನ್ನೂ ಮುಟ್ಟುವುದಿಲ್ಲ, ತಪ್ಪು ತಿಳಿಯಬೇಡಿ ಎಂದಳು. ಅವರು ಕುರ್ಚಿಯ ತುದಿಯಲ್ಲಿ ಕೂತು, ಸಂಗ್ರಹಾಲಯದ ವಿಷಯ ಹೇಳಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದರು: ಆ ಚೂರು ನಿಮ್ಮದು, ಗೋಲಿಯ ಮಾತು ನಿಮ್ಮದು, ಹೆಸರು ಮಾತ್ರ ನಾನು ತಿಂದೆ.

ಅವಳು ನಕ್ಕುಬಿಟ್ಟಳು. "ಅದಾ? ನನಗೆ ಗೊತ್ತಿಲ್ವಾ ಸಾಹೇಬ್ರೆ. ನಾನು ಮಾಡಿದ್ದು ಒಂದು ಚೂರು. ಒಂದು ಕ್ಯಾಮೆರಾಗೆ ಆಗ್ತಿತ್ತು. ಲಕ್ಷ ಕ್ಯಾಮೆರಾಗೆ ಆಗೋ ಹಾಗೆ ಬರೆದಿದ್ದು ನೀವು. ಅದಕ್ಯಾಕೆ ಇಷ್ಟೊಂದು ಸಣ್ಣಗಾಗ್ತೀರಿ?"

ನಲವತ್ತಮೂರು ವರ್ಷ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಅಷ್ಟು ಸುಲಭವಾಗಿ ಕಳಚಿತೆಂದರೆ ಅವರಿಗೆ ನಂಬಲಾಗಲಿಲ್ಲ. ಎದೆ ಹಗುರಾಯಿತು. ಕಾಫಿ ಬಂತು, ಒಂದು ಗುಟುಕು ಕುಡಿದರು, ಚೆನ್ನಾಗಿದೆ ಎಂದರು. ಹೇಳಬೇಕಾದ್ದು ಹೇಳಿಯಾಯಿತು, ಇನ್ನು ಹೊರಡಬಹುದು ಎಂದು ಮನಸ್ಸು ಪಿಸುಗುಟ್ಟಿತು. ಉಳಿದದ್ದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆ ಯೋಚನೆ ಬಂದದ್ದಕ್ಕೆ ಆಮೇಲೆ ಎಷ್ಟೋ ದಿನ ಅವರು ತಮ್ಮನ್ನು ತಾವು ಹಳಿದುಕೊಂಡರು.

ಅಷ್ಟರಲ್ಲಿ ಅವಳೇ ಕೇಳಿದಳು. "ನಾನೊಂದು ಕೇಳ್ಲಾ? ನೀವು ಮೇಲಿನವರು, ಗೊತ್ತಿರಬೋದು. ನನ್ನ ಕೈ ನಡುಗುತ್ತೆ ಅಂತ ಚೀಟಿಲಿ ಬರೆದಿದ್ರು. ಯಾರು ನೋಡಿದ್ದು? ಯಾವ ಕ್ಯಾಮೆರಾ ಕೆಡಿಸಿದ್ದೆ ನಾನು?"

ಅವರು ಲೋಟ ಕೆಳಗಿಟ್ಟರು.

ಆ ದಿನದಿಂದ ತನ್ನ ಕೈಯನ್ನು ತಾನೇ ಕಾಯುತ್ತಾ ಬಂದೆ ಎಂದಳು. ತನಗೇನೂ ಕಾಣುತ್ತಿರಲಿಲ್ಲ; ಆದರೆ ಅಷ್ಟು ದೊಡ್ಡ ಕಾರ್ಖಾನೆ, ನೋಡದೆ ಬರೆದಾರೆಯೇ? ತಾನು ಕಳಿಸಿದ ಯಾವುದೋ ಒಂದು ಕ್ಯಾಮೆರಾ ಎಲ್ಲೋ ದೂರದಲ್ಲಿ ಯಾರಿಗೋ ಕೈಕೊಟ್ಟಿರಬೇಕು, ಅವರ ಚಿತ್ರ ಹಾಳಾಗಿರಬೇಕು ಎಂದು ಯೋಚಿಸುತ್ತಿದ್ದಳಂತೆ. ಇಪ್ಪತ್ತೊಂಬತ್ತು ವರ್ಷ ಚೀಲ ಹೊಲಿದಳು, ಕಾರ್ಖಾನೆ ಮುಚ್ಚುವವರೆಗೂ. ಯಾರನ್ನೂ ಕೇಳಲು ನಾಚಿಕೆಯಾಗಿತ್ತು.

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಚೀಟಿ ಬರೆದವರು ಯಾರೆಂದು ಬಲ್ಲವರು ಯಾರೂ ಈಗ ಬದುಕಿರಲಿಲ್ಲ. ಸಾಹೇಬರು ತಮ್ಮ ಶೂ ಬಿಟ್ಟಿದ್ದ ಬಾಗಿಲ ಕಡೆ ನೋಡಿದರು.

"ಯಾವ ಕ್ಯಾಮೆರಾನೂ ಕೆಟ್ಟಿರಲಿಲ್ಲ" ಎಂದರು. "ಬರೆದಿದ್ದು ನಾನು. ನಿಮ್ಮ ಮುಖ ನೋಡೋಕೆ ಆಗ್ತಿರಲಿಲ್ಲ ನನಗೆ. ಅದಕ್ಕೆ ದೂರ ಕಳಿಸಿದೆ. ಏನಾದ್ರೂ ಒಂದು ಕಾರಣ ಬರೀಬೇಕಿತ್ತು."

ಕೆಳಗೆ ಲಾಂಡ್ರಿಯ ಯಂತ್ರ ತಿರುಗುವುದು ನೆಲದ ಮೂಲಕ ಕಾಲಿಗೆ ತಿಳಿಯುತ್ತಿತ್ತು. ಮುದುಕಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಮೇಜಿನ ಮೇಲೆ ಗಾಳಿಯಲ್ಲಿ ಹಿಡಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಈಗ ನಡುಗುತ್ತೆ, ವಯಸ್ಸಾಯ್ತು" ಎಂದಳು ಮೆಲ್ಲಗೆ. "ಆಗ?"

"ಇಲ್ಲ. ನಡುಗ್ತಿರಲಿಲ್ಲ."

"ಇನ್ನೊಂದ್ಸಲ ಹೇಳಿ. ಅವಳಿಗೆ ಕೇಳೋ ಹಾಗೆ ಹೇಳಿ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಆ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಮಗಳು ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಮತ್ತೆ ಬಿಡಿಸಿದಳು.

"ನಮ್ಮಮ್ಮ ನನಗೆ ಒಂದಿನಾನೂ ಸ್ನಾನ ಮಾಡ್ಸಿಲ್ಲ, ಗೊತ್ತಾ ನಿಮಗೆ?" ಎಂದಳು. "ಬಿಸಿನೀರು ಚೆಲ್ಲಿಬಿಡ್ತೀನಿ ಅಂತ. ಎಲ್ಲಾ ಚಿಕ್ಕಮ್ಮನೇ ಮಾಡ್ಸಿದ್ದು. ತಲೆ ಬಾಚೋಕೂ ಅಮ್ಮ ಹೆದರೋಳು, ಕಣ್ಣಿಗೆ ಚುಚ್ಚಿಬಿಟ್ರೆ ಅಂತ. ಕಾಫಿ ಕುಡಿದು ಹೊರಡಿ."

ಆ ಕಾಫಿಯನ್ನು ಬಿಡುವುದೂ ತಪ್ಪು, ಕುಡಿಯುವುದೂ ತಪ್ಪು ಎನಿಸಿ, ಅವರು ಕೊನೆಗೆ ನಿಂತುಕೊಂಡೇ ಕುಡಿದು ಮುಗಿಸಿದರು. ಕಿವಿಯಕ್ಕ ಕಿಟಕಿಯ ಕಡೆ ಮುಖ ಮಾಡಿದ್ದಳು. ಕ್ಷಮಿಸಿ ಎಂಬ ಮಾತು ಬಾಯಿಯವರೆಗೆ ಬಂತು. ಅದನ್ನು ಕೇಳುವುದೂ ಇನ್ನೊಂದು ವಸೂಲಿಯೇ ಅನ್ನಿಸಿ ಹಾಗೇ ಮೆಟ್ಟಿಲಿಳಿದರು.

ಅಂದು ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಗೋಲಿಯ ಕತೆಯನ್ನೂ ಬಿಡಲಿಲ್ಲ. ಆಕೆ ಬಟಾಣಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು. ಕೊನೆಗೆ, ಇಷ್ಟು ವರ್ಷ ಎಷ್ಟು ಜನರ ಮುಂದೆ ಹೇಳಿದೆ ನಾನು, ನನ್ನನ್ನೂ ಕಳ್ಳಿ ಮಾಡಿದಿರಲ್ಲ ಎಂದರು. ಆಮೇಲೆ ನಾಲ್ಕು ದಿನ ಊಟಕ್ಕೆ ಕರೆದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಉದ್ಘಾಟನೆಯಲ್ಲಿ ಎಲ್ಲವನ್ನೂ ಹೇಳಿಬಿಡುವುದೆಂದು ಸಾಹೇಬರು ನಿಶ್ಚಯಿಸಿದರು. ಚೂರಿನ ವಿಷಯ, ಚೀಟಿಯ ವಿಷಯ, ಆ ಎರಡು ಪದ. ಜನ ಉಗಿದರೆ ಉಗಿಯಲಿ. ಬಹುಶಃ ಉಗಿಯಲೆಂದೇ ಅವರಿಗೆ ಆಸೆಯಿತ್ತು. ಆದರೂ ಕೇಳದೆ ಹೇಳಬಾರದೆಂದು ಮೇಲ್ವಿಚಾರಕಿಯ ಮೂಲಕ ಕಿವಿಯಕ್ಕನ ಒಪ್ಪಿಗೆ ಕೇಳಿ ಕಳಿಸಿದರು. ಉತ್ತರವನ್ನು ಮಗಳು ಫೋನಿನಲ್ಲಿ ಹೇಳಿದಳು: ಹಿತ್ತಾಳೆ ಚೂರಿನ ವಿಷಯ ಬೇಕಾದರೆ ಹೇಳಲಿ. ಆ ಎರಡು ಪದ ಮಾತ್ರ ಅಮ್ಮನ ಹೆಸರಿನ ಜೊತೆ ಇನ್ನು ಯಾರ ಬಾಯಲ್ಲೂ ಬರಕೂಡದು. ಸುಳ್ಳು ಎಂದು ಹೇಳುವುದಕ್ಕೂ ಬೇಡ.

ಹೀಗಾಗಿ ಅವರು ಅರ್ಧವನ್ನೇ ಹೇಳಬೇಕಾಯಿತು. ತುಂಬಿದ ಸಭೆಯಲ್ಲಿ ಎದ್ದು ನಿಂತು, ಈ ಕ್ಯಾಮೆರಾದ ಕನ್ನಡಿಯನ್ನು ಪಳಗಿಸಿದ್ದು ನಾನಲ್ಲ, ಜೋಡಣೆ ವಿಭಾಗದ ನಲವತ್ತೊಂದನೆಯ ಸಂಖ್ಯೆಯವರು, ಪೇಟೆಂಟಿನಲ್ಲಿರುವ ಹೆಸರು ಸುಳ್ಳು ಎಂದರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಎದ್ದು ಚಪ್ಪಾಳೆ ತಟ್ಟಿದರು. ಇಡೀ ಸಭೆಯೇ ಎದ್ದು ನಿಂತಿತು. ಹಳೆಯ ಸಹೋದ್ಯೋಗಿಗಳು ಬಂದು ತಬ್ಬಿಕೊಂಡರು, ಒಬ್ಬರ ಕಣ್ಣಲ್ಲಿ ನೀರೂ ಇತ್ತು. ಈ ಕಾಲದಲ್ಲಿ ಹೀಗೆ ಹೇಳುವವರು ಯಾರಿದ್ದಾರೆ ಎಂದರು. ಮರುದಿನದ ಪತ್ರಿಕೆಯಲ್ಲಿ ಅವರ ದೊಡ್ಡ ಮನಸ್ಸಿನ ಬಗ್ಗೆ ನಾಲ್ಕು ಅಂಕಣ ಬಂತು, ಅವರದೇ ಚಿತ್ರದೊಂದಿಗೆ. ಕಿವಿಯಕ್ಕ ಉದ್ಘಾಟನೆಗೆ ಬಂದಿರಲಿಲ್ಲ.

ಅಲ್ಲ, ಅಷ್ಟೇ ಅಲ್ಲ ಎಂದು ಕೂಗಿ ಹೇಳುವಂತಿರಲಿಲ್ಲ. ಕದ್ದದ್ದನ್ನು ಹಿಂದಿರುಗಿಸಲು ಹೋಗಿ ಇನ್ನಷ್ಟು ಹೊತ್ತು ತಂದಂತಾಗಿತ್ತು. ದಾರಿಯಲ್ಲಿ ಯಾರಾದರೂ ಕೈ ಕುಲುಕಲು ಬಂದರೆ ಸಾಹೇಬರು ರಸ್ತೆ ದಾಟಿ ಆಚೆ ಬದಿಗೆ ಹೋಗತೊಡಗಿದರು. ಅದನ್ನೂ ಜನ ವಿನಯ ಎಂದರು. ಪತ್ರಿಕೆಯನ್ನು ಹೆಂಡತಿ ಮಡಚಿ ಕಪಾಟಿನ ತಳಕ್ಕೆ ಹಾಸಿದರು. ಸಾಹೇಬರಿಗೆ ಅದೊಂದೇ ತುಸು ಸಮಾಧಾನ ಕೊಟ್ಟದ್ದು.

ಸಂಗ್ರಹಾಲಯಕ್ಕೆ ಜನ ದಾನ ಕೊಟ್ಟ ಹಳೆಯ ಕ್ಯಾಮೆರಾಗಳು ಡಬ್ಬಗಟ್ಟಲೆ ಬಂದು ಬಿದ್ದವು. ಎಲ್ಲವೂ ಎಣ್ಣೆ ಒಣಗಿ ಹಿಡಿದುಕೊಂಡಿದ್ದವು. ಬಿಚ್ಚಲು ಬಲ್ಲವರಿಲ್ಲ. ಮೇಲ್ವಿಚಾರಕಿ ಲಾಂಡ್ರಿಯ ಮೇಲಿನ ಮನೆಗೆ ಮೂರು ಸಲ ಹೋಗಿ ಬಂದಳು. ಮೊದಲೆರಡು ಸಲ ಕಿವಿಯಕ್ಕ ಆಗುವುದಿಲ್ಲ ಎಂದಳಂತೆ. ಮೂರನೆಯ ಸಲ ಮಗಳೇ ಬಸ್ಸಿಗೆ ಹೋಗುವ ದಾರಿಯಲ್ಲಿ ಅಮ್ಮನನ್ನು ಕರೆತಂದು ಬಿಟ್ಟಳಂತೆ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ನಿಧಾನಕ್ಕೆ, ಒಂದು ಸ್ಕ್ರೂ ಬಿಚ್ಚಲು ಐದು ನಿಮಿಷ ತೆಗೆದುಕೊಂಡು ಕೆಲಸ ಮಾಡುತ್ತಾಳೆಂದು ಮೇಲ್ವಿಚಾರಕಿ ಸಾಹೇಬರಿಗೆ ಹೇಳಿದಳು. ಕಿವಿಯಕ್ಕ ಬರುವ ದಿನಗಳು ಯಾವುವೆಂದು ಅವರು ಕೇಳಿ ತಿಳಿದುಕೊಂಡರು, ಆ ದಿನಗಳಲ್ಲಿ ಹೋಗದಿರಲು.

ಒಂದು ದಿನ ಹಳೆಯ ನಕ್ಷೆಗಳ ಸುರುಳಿ ಕಂಕುಳಲ್ಲಿಟ್ಟುಕೊಂಡು ಪರೀಕ್ಷಾ ಕೊಠಡಿಯ ಬಾಗಿಲು ತಳ್ಳಿದರೆ, ಮೇಜಿನ ಹಿಂದೆ ಆಕೆ ಕೂತಿದ್ದಳು. ಮಗಳ ಪಾಳಿ ಬದಲಾಗಿ ಬರುವ ದಿನವೂ ಬದಲಾಗಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಆಕೆ ತಲೆಯೆತ್ತದೆ, ಯಾರೋ ಕಚೇರಿಯವರೆಂದುಕೊಂಡು, ಅಲ್ಲೊಂದು ಟಾರ್ಚಿದೆ, ಸ್ವಲ್ಪ ಹಿಡಿಯಿರಿ ಎಂದಳು.

ಅವರು ಸುರುಳಿಯನ್ನು ಗೋಡೆಗೆ ಒರಗಿಸಿ ಟಾರ್ಚ್ ತೆಗೆದುಕೊಂಡರು. ಬೆಳಕು ಬಿದ್ದಾಗ ಆಕೆ ಒಮ್ಮೆ ಮೇಲೆ ನೋಡಿದಳು. ಗುರುತು ಹಿಡಿದಳು. ಮುಖದಲ್ಲಿ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೋಗಿ ಎನ್ನುತ್ತಾಳೇನೋ ಎಂದು ಅವರು ಕಾದರು.

"ಸ್ವಲ್ಪ ಎಡಕ್ಕೆ" ಎಂದಳು ಆಕೆ.

ಅವರು ಎಡಕ್ಕೆ ಸರಿಸಿದರು. ಆಕೆ ಚಿಮಟ ಒಳಗಿಳಿಸಿ ಮತ್ತೆ ಬಗ್ಗಿದಳು. ಒಂದು ಗಂಟೆಗೂ ಹೆಚ್ಚು ಹೊತ್ತು ಅವರು ಹಾಗೇ ನಿಂತಿದ್ದರು. ತೋಳು ಸೋತು ಮರಗಟ್ಟಿತು. ಕೂರಲು ಪಕ್ಕದಲ್ಲೇ ಒಂದು ಸ್ಟೂಲಿತ್ತು. ಕೂತುಕೊಳ್ಳಿ ಎಂದು ಆಕೆ ಹೇಳಲಿಲ್ಲ, ಅವರೂ ಕೂರಲಿಲ್ಲ.